ಭುಜದ ಬಗ್ಗೆ ನಾನು ಬರೆದ ಸಾಲು

ನನಗೆ ಸಿಟ್ಟು ಬೇಗ ಬರುತ್ತದೆ, ಬಂದಷ್ಟೇ ಬೇಗ ಇಳಿಯುತ್ತದೆ ಎಂದು ನನ್ನ ಗಂಡ ಮನೆಗೆ ಬಂದವರ ಎದುರೆಲ್ಲ ಹೇಳುತ್ತಾರೆ. ಮೊದಲನೆಯದು ನಿಜ. ಎರಡನೆಯದು ಪೂರ್ತಿ ನಿಜವಲ್ಲ. ಸಿಡ್ನಿಯ ಒಂದು ಚರ್ಚ್ ಹಾಲ್‌ನಲ್ಲಿ ಹತ್ತಿಕೊಂಡ ಸಿಟ್ಟು ಮೂವತ್ತು ವರ್ಷ ಕಳೆದರೂ ಇಳಿದಿಲ್ಲ. ಅದರಲ್ಲಿ ಅರ್ಧ ಬೇರೆಯವರ ಮೇಲೆ, ಇನ್ನರ್ಧ ನನ್ನ ಮೇಲೆಯೇ.

ನಾವು ಮೆಲ್ಬರ್ನ್‌ಗೆ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ನನ್ನವರು ಮೆಕ್ಯಾನಿಕಲ್ ಎಂಜಿನಿಯರ್, ಡ್ಯಾಂಡಿನಾಂಗ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ನಾನು ಉಡುಪಿ ಕಡೆಯವಳು. ಫಿಸಿಯೋಥೆರಪಿ ಓದಿ ಮಂಗಳೂರಿನ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದಿದ್ದೆ. ತೆಂಗಿನ ಮರದಿಂದ ಬಿದ್ದವರು, ಬಲೆ ಎಳೆದು ಸೊಂಟ ಹಿಡಿದವರು, ಬೀಡಿ ಕಟ್ಟಿ ಕಟ್ಟಿ ಕುತ್ತಿಗೆ ತಿರುಗಿಸಲಾಗದ ಹೆಂಗಸರು, ಎಲ್ಲರೂ ನನ್ನ ಕೈಯಲ್ಲಿ ಹಾದುಹೋಗಿದ್ದರು. ಇಲ್ಲಿ ಆ ಕೈಗಳಿಗೆ ಬೆಲೆಯಿರಲಿಲ್ಲ. ಪರೀಕ್ಷೆ ಪಾಸಾಗಿ ರಿಜಿಸ್ಟ್ರೇಷನ್ ಆಗುವವರೆಗೆ ಫಿಸಿಯೋ ಎಂದು ಹೇಳಿಕೊಳ್ಳುವುದೇ ಅಪರಾಧ. ಬರಹದ ಪರೀಕ್ಷೆ ಮೊದಲ ಸಲವೇ ಪಾಸಾದೆ, ಪ್ರಾಕ್ಟಿಕಲ್‌ನಲ್ಲಿ ಫೇಲಾದೆ. ‘ರೋಗಿಯೊಂದಿಗೆ ಮಾತು ಸಾಲದು’ ಎಂದು ಪರೀಕ್ಷಕಿ ಬರೆದಿದ್ದಳು. ಮಂಗಳೂರಿನಲ್ಲಿ ಮಾತು ಜಾಸ್ತಿಯಾಯಿತೆಂದು ಮೆಟ್ರನ್ ಕೈಯಲ್ಲಿ ಬೈಸಿಕೊಂಡವಳು ನಾನು.

ಮನೆಯಲ್ಲಿ ಕುಳಿತಿರಲಾಗದೆ ಲಾಂಡ್ರಿಯೊಂದಕ್ಕೆ ಸೇರಿದೆ. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟುಗಳನ್ನು ಒಗೆದು ಕಳಿಸುವ ದೊಡ್ಡ ಶೆಡ್ಡು ಅದು. ನನಗೆ ಮಡಚುವ ವಿಭಾಗ. ಒಂದು ಶೀಟಿಗೆ ಇಬ್ಬರು. ಎರಡು ಕಡೆ ಹಿಡಿದು, ಒದರಿ, ಮಧ್ಯಕ್ಕೆ ಮಡಚಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ನನ್ನ ಜೋಡಿಗೆ ಬಿದ್ದವಳು ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದವಳು. ಆಗ ಅವಳಿಗೆ ಇಪ್ಪತ್ತಾರು. ಅವಳ ದೇಶವನ್ನು ನೋಡಬೇಕೆಂದು ಲೈಬ್ರರಿಯ ಅಟ್ಲಾಸ್ ತೆರೆದೆ. ಎರಡು ಪುಟಗಳನ್ನು ಸೇರಿಸಿ ಹೊಲಿದ ನಡುಗೆರೆಯಲ್ಲಿ ಅದು ಮುಳುಗಿಹೋಗಿತ್ತು. ಹೇಳಿದಾಗ ಅವಳು ನಕ್ಕಳು. “ಯಾವ ಅಟ್ಲಾಸಿನಲ್ಲೂ ಅಷ್ಟೇ. ನಮ್ಮನ್ನು ನೋಡಬೇಕಾದರೆ ಪುಸ್ತಕ ಹರಿಯಬೇಕು.”

ಎರಡನೆಯ ವಾರವೇ ಗಮನಿಸಿದೆ. ಶೀಟು ಒದರುವಾಗ ಅವಳು ಬಲಗೈಯನ್ನು ಭುಜದ ಮಟ್ಟ ದಾಟಿಸುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಕೇಳದೆಯೇ ಅವಳ ಭುಜದ ಮೇಲೆ ಬೆರಳಿಟ್ಟೆ. ಒತ್ತಿದಲ್ಲಿ ಹಲ್ಲು ಕಚ್ಚಿದಳು.

“ಏನು ಮಾಡಿಕೊಂಡೆ?”

“ಜಾವೆಲಿನ್ ಎಸೆಯುತ್ತೇನೆ,” ಎಂದಳು. ಲಾಂಡ್ರಿಯ ಕ್ಯಾಂಟೀನಿನಲ್ಲಿ, ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತಾ, ಬಸ್ಸಿನಲ್ಲಿ ಬರುತ್ತೇನೆ ಎನ್ನುವ ಹಾಗೆ.

ಆಗ ತಿಳಿದದ್ದು ಆ ಕ್ರೀಡಾಕೂಟದ ಸಂಗತಿ. ಪೆಸಿಫಿಕ್‌ನ ಸಣ್ಣ ಸಣ್ಣ ದ್ವೀಪ ದೇಶಗಳೆಲ್ಲ ನಾಲ್ಕು ವರ್ಷಕ್ಕೊಮ್ಮೆ ಒಂದು ದ್ವೀಪದಲ್ಲಿ ಸೇರುತ್ತವೆ. ಓಟ, ಬಾಕ್ಸಿಂಗ್, ಭಾರ ಎತ್ತುವುದು, ದೋಣಿ ಸ್ಪರ್ಧೆ, ಎಲ್ಲ ಇರುತ್ತದೆ. ಟಿವಿಯವರು ಅತ್ತ ತಲೆ ಹಾಕುವುದಿಲ್ಲ. ಅವಳು ಹಿಂದಿನ ಸಲ ಹೋಗಿ ಐದನೆಯವಳಾಗಿದ್ದಳು. ಈ ಸಲ ಪದಕ ತರುತ್ತೇನೆಂದು ದ್ವೀಪದಲ್ಲಿರುವ ಅಜ್ಜಿಗೆ ಕಾಗದ ಬರೆದಿದ್ದಳಂತೆ. ಅವಳ ದೇಶದ ಯಾವ ಹೆಂಗಸೂ ಆ ಕೂಟದಲ್ಲಿ ಅಲ್ಲಿಯವರೆಗೆ ಪದಕ ಗೆದ್ದಿರಲಿಲ್ಲ.

ನಾನು ಕೇಳಿದೆ, “ನಾನು ನಿನ್ನ ಭುಜ ನೋಡಿಕೊಳ್ಳಲಾ?”

“ನೀನು ಡಾಕ್ಟರಾ?”

“ಇಲ್ಲಿ ಅಲ್ಲ.”

ಹೀಗೆ ಶುರುವಾಯಿತು. ಬಿಡುವಿನಲ್ಲಿ ಟವೆಲ್ ಸುರುಳಿ ಸುತ್ತಿ ಅವಳ ಕಂಕುಳಡಿ ಇಟ್ಟು ವ್ಯಾಯಾಮ ಮಾಡಿಸುತ್ತಿದ್ದೆ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಬಟಾಣಿಯ ಪೊಟ್ಟಣವೊಂದು ಅವಳ ಭುಜಕ್ಕೆಂದೇ ಇರುತ್ತಿತ್ತು. ಭಾನುವಾರ ಬೆಳಿಗ್ಗೆ ಹತ್ತಿರದ ಓವಲ್ ಮೈದಾನದಲ್ಲಿ ಅಭ್ಯಾಸ. ಜಾವೆಲಿನ್ ಹಿಡಿದು ಹತ್ತಿದರೆ ಟ್ರೈನಿನ ಗಾರ್ಡ್ ಇಳಿಸುತ್ತಿದ್ದ. ಹಾಗಾಗಿ ನನ್ನವರು ಬಟ್ಟೆ ಒಣಗಿಸುವ ನೈಲಾನ್ ಹಗ್ಗದಲ್ಲಿ ಅದನ್ನು ನಮ್ಮ ಹಳೆಯ ಕಾರಿನ ತಲೆಗೆ ಕಟ್ಟಿ ಒಯ್ಯುತ್ತಿದ್ದರು. ಮನೆಯಲ್ಲಿ ನಾವು ಆಡುವುದು ತುಳು. ಗೊಣಗುವುದಕ್ಕೆ ಮಾತ್ರ ಅವರು ಕನ್ನಡಕ್ಕೆ ಬರುತ್ತಾರೆ. “ಎಂತ ಮಾರಾಯ್ತಿ, ಭಾನುವಾರ ಸಹ ನಿದ್ದೆ ಇಲ್ಲ. ನೀನು ಪರೀಕ್ಷೆಗೆ ಓದುದು ಯಾವಾಗ?” ಹಾಗೆಂದವರೇ ಟೇಪ್ ಹಿಡಿದು ದೂರ ಅಳೆದು, ಅತಿ ದೂರ ಬಿದ್ದಲ್ಲಿ ಒಂದು ಗೂಟ ನೆಡುತ್ತಿದ್ದರು. ತಿಂಗಳಿಂದ ತಿಂಗಳಿಗೆ ಗೂಟ ಮುಂದೆ ಹೋಯಿತು. ಚಳಿಗಾಲದ ಒಂದು ಬೆಳಿಗ್ಗೆ ಅವಳು ಎಸೆದದ್ದು ಎಷ್ಟು ದೂರ ಹೋಯಿತೆಂದರೆ, ಇವರು ಎರಡು ಸಲ ಅಳೆದು, ನಂಬದೆ ಮೂರನೆಯ ಸಲವೂ ಅಳೆದರು.

ಆ ವರ್ಷ ಗ್ಲೆನ್ ವೇವರ್ಲಿಯಲ್ಲಿ ಡಾಕ್ಟರೊಬ್ಬರ ಮನೆಯಲ್ಲಿ ಗಣೇಶನ ಹಬ್ಬ. ಆಗ ಮೆಲ್ಬರ್ನ್‌ನ ಕನ್ನಡದವರು ಒಂದು ದೊಡ್ಡ ಮನೆಯ ಹಾಲ್‌ನಲ್ಲಿ ಹಿಡಿಸುವಷ್ಟೇ ಇದ್ದರು. ಆ ಮನೆಯ ಅಂಕಲ್ ಬೆಂಗಳೂರಿನವರು, ನನ್ನ ಪರೀಕ್ಷೆಯ ಬಗ್ಗೆ ನನಗಿಂತ ಹೆಚ್ಚು ಅವರಿಗೇ ಚಿಂತೆ.

“ಏನಮ್ಮಾ, ಲಾಂಡ್ರೀಲಿ ಯಾರೋ ಐಲ್ಯಾಂಡರ್ ಹುಡುಗೀನ ಟ್ರೀಟ್ ಮಾಡ್ತಿದೀಯಂತೆ? ಎಕ್ಸಾಮ್ ಕಥೆ ಏನಾಯ್ತು?”

ಕ್ರೀಡಾಕೂಟದ ಬಗ್ಗೆ ಹೇಳಿದೆ. ಎಲ್ಲರಿಗೂ ಕೇಳುವಂತೆ ನಕ್ಕರು. “ಅಲ್ಲಾ, ಆ ದೇಶದ ಪಾಪ್ಯುಲೇಶನ್ ನಮ್ಮ ಜಯನಗರದ ಒಂದು ಬ್ಲಾಕ್‌ನಷ್ಟೂ ಇಲ್ವಲ್ಲಮ್ಮ! ಫೋರ್ತ್ ಬ್ಲಾಕು, ನೈನ್ತ್ ಬ್ಲಾಕು ಸೇರ್ಕೊಂಡು ಒಲಿಂಪಿಕ್ಸ್ ಮಾಡಿದ ಹಾಗಾಯ್ತು. ನಾವೇ ಓಡೋದು, ನಾವೇ ಮೆಡಲ್ ಹಾಕ್ಕೊಳ್ಳೋದು.”

ಹಾಲ್ ಪೂರ್ತಿ ನಕ್ಕಿತು. ನನ್ನವರೂ ನಕ್ಕರು. ಕೈಯಲ್ಲಿದ್ದ ಕಡುಬನ್ನು ತಟ್ಟೆಗೆ ಹಾಕಿ ಕೇಳಿದೆ, “ಅಂಕಲ್, ನೀವು ಕೊನೇ ಸಲ ಓಡಿದ್ದು ಯಾವಾಗ?” ಆಂಟಿ ತಕ್ಷಣ ಪಾಯಸ ಬಡಿಸಲು ಬಂದರು. ವಾಪಸ್ಸು ಬರುವಾಗ ಕಾರಿನಲ್ಲಿ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಕೋಟಿಗಟ್ಟಲೆ ಜನ ಇರುವ ದೇಶದಿಂದ ಬಂದ ಮಾತ್ರಕ್ಕೆ ನಾವು ದೊಡ್ಡವರೇ? ಇಲ್ಲಿಯವರು ನಮ್ಮ ಹೆಸರು ಹೇಳಲಾರದೆ ನಕ್ಕರೆ ಮನೆಗೆ ಬಂದು ಒಂದು ವಾರ ಕುದಿಯುವವರು ನಾವು. ನಮಗಿಂತ ಸಣ್ಣವರು ಸಿಕ್ಕಿದರೆ ನಾವು ನಗುವುದೂ ಅದೇ ನಗು.

ಕೂಟಕ್ಕೆ ಎರಡು ವಾರ ಇರುವಾಗ ಅವಳ ದೇಶದ ತಂಡ ಸಿಡ್ನಿಗೆ ಬಂದಿಳಿಯಿತು. ಅಲ್ಲಿ ಹತ್ತು ದಿನ ಅಭ್ಯಾಸ ಮಾಡಿ ಒಟ್ಟಿಗೆ ಹಾರುವುದೆಂದು ಏರ್ಪಾಡು. ತಂಡಕ್ಕೆ ಫಿಸಿಯೋ ಇರಲಿಲ್ಲ. ಅವಳು ನನ್ನ ವಿಷಯ ಹೇಳಿದ್ದಳೆಂದು ತಂಡದ ಮ್ಯಾನೇಜರ್ ಫೋನ್ ಮಾಡಿದರು. ಅವರು ದ್ವೀಪದವರಲ್ಲ, ಸಿಡ್ನಿಯ ಬಿಳಿಯರು, ವಯಸ್ಸಾದವರು. ಹಿಂದೆ ಆ ದ್ವೀಪದಲ್ಲಿ ಹಡಗು ವ್ಯಾಪಾರ ನಡೆಸಿದವರಂತೆ. ಆ ನಂಟಿನಿಂದ ತಂಡದ ಓಡಾಟವೆಲ್ಲ ಅವರ ಕೈಯಲ್ಲೇ. ದನಿ ಬೆಣ್ಣೆಯಂತಿತ್ತು. “ಡಾಕ್ಟರ್, ನೀವು ಬಂದರೆ ನನ್ನ ಮಕ್ಕಳಿಗೆ ದೊಡ್ಡ ಉಪಕಾರ.”

ಡಾಕ್ಟರ್. ಎರಡು ವರ್ಷದಿಂದ ಸೂಪರ್‌ವೈಸರ್ ನನ್ನನ್ನು ‘ಲವ್’ ಎಂದು ಕರೆಯುತ್ತಿದ್ದ, ಹೆಸರು ಬಾಯಿಗೆ ಬಾರದೆ. ನಾನು ಡಾಕ್ಟರ್ ಅಲ್ಲ, ರಿಜಿಸ್ಟ್ರೇಷನ್ ಕೂಡ ಆಗಿಲ್ಲ ಎಂದು ಫೋನಿನಲ್ಲೇ ಹೇಳಿದೆ. “ಅದೆಲ್ಲ ನಮಗೆ ಮುಖ್ಯವಲ್ಲ,” ಎಂದರು. ಕರಗಿಹೋದೆ. ಸಂಬಳವಿಲ್ಲದ ರಜೆ ಹಾಕಿ, ಬೆಳಗಿನ ಟ್ರೈನು ಹಿಡಿದು, ಜಾವೆಲಿನ್ ಅನ್ನು ಲಗೇಜು ಡಬ್ಬಿಗೆ ಹಾಕಿಸಿ, ಅವಳೊಂದಿಗೆ ಸಿಡ್ನಿಗೆ ಹೋದೆ.

ಶಿಬಿರವಿದ್ದದ್ದು ಬ್ಲ್ಯಾಕ್‌ಟೌನ್ ಕಡೆಯ ಚರ್ಚ್ ಹಾಲ್‌ನಲ್ಲಿ. ಹತ್ತೊಂಬತ್ತು ಆಟಗಾರರು ನೆಲದ ಮೇಲೆ ಹಾಸಿಗೆ ಹಾಕಿ ಮಲಗುತ್ತಿದ್ದರು. ಟೇಬಲ್ ಟೆನಿಸ್ ಆಡುವ ಶಾಲಾ ಮೇಷ್ಟ್ರು, ಪೊಲೀಸ್ ಕೆಲಸದ ಬಾಕ್ಸರ್, ಅಂಗಡಿಯಲ್ಲಿ ಅಕ್ಕಿ ಮೂಟೆ ಹೊರುವ ಭಾರ ಎತ್ತುವವನು. ಕೋಚ್ ಒಬ್ಬ ಪಾದ್ರಿ. ನಾನು ವೇದಿಕೆಯ ಪರದೆಯ ಹಿಂದೆ ಟೇಬಲ್ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಲಸ ಮಾಡಿದೆ. ಮೊಣಕಾಲು, ಬೆನ್ನು, ಹಿಮ್ಮಡಿ. ಆ ದಿನಗಳಷ್ಟು ಸಂತೋಷವಾಗಿ ಈ ದೇಶದಲ್ಲಿ ಅದಕ್ಕಿಂತ ಮೊದಲು ನಾನು ಇದ್ದದ್ದಿಲ್ಲ. ಬಾಕ್ಸರ್ ದಿನಾ ನನಗೆ ಚಹಾ ತಂದುಕೊಡುತ್ತಿದ್ದ. ನಾನು ಆ ಸಂತೋಷದಲ್ಲಿ ಮೈಮರೆತೆ ಎಂದೇ ಹೇಳಬೇಕು.

ಹೊರಡಲು ಮೂರು ದಿನವಿರುವಾಗ ಮ್ಯಾನೇಜರ್ ಬಂದರು. “ಎಲ್ಲರ ಬಗ್ಗೆಯೂ ಎರಡೆರಡು ಸಾಲು ಬರೆದುಕೊಡಿ ಡಾಕ್ಟರ್. ರೆಕಾರ್ಡಿಗೆ ಬೇಕು.”

ಬರೆದೆ. ಆಸ್ಪತ್ರೆಯ ಅಭ್ಯಾಸದಂತೆ ಕೆಳಗೆ ಕಾರ್ಬನ್ ಇಟ್ಟು, ಚಂದದ ಅಕ್ಷರದಲ್ಲಿ. ಅವಳ ಬಗ್ಗೆ ಮೂರು ಸಾಲು ಬರೆದೆ. ‘ಬಲ ಭುಜದಲ್ಲಿ ಹಳೆಯ ಉಳುಕು ಇದೆ. ಮತ್ತೆ ಮತ್ತೆ ಎಸೆದರೆ ನೋವು ಮರುಕಳಿಸುವ ಸಾಧ್ಯತೆಯಿದೆ. ಸರಿಯಾಗಿ ವಾರ್ಮ್ ಅಪ್ ಮಾಡಿ ಎಸೆದರೆ ಸ್ಪರ್ಧಿಸಲು ಏನೂ ಅಡ್ಡಿಯಿಲ್ಲ.’ ಎರಡನೆಯ ಸಾಲು ಬೇಕಿರಲಿಲ್ಲ. ಜಗತ್ತಿನ ಯಾವ ಎಸೆತಗಾರನ ಬಗ್ಗೆಯೂ ಬರೆಯಬಹುದಾದ ಸಾಲು ಅದು. ಆದರೂ ಬರೆದೆ, ಯಾಕೆಂದರೆ ಓದಿದವಳು ಬರೆದ ಹಾಗೆ ಕಾಣಬೇಕಿತ್ತು. ಎರಡು ವರ್ಷ ಶೀಟು ಮಡಚಿದವಳಿಗೆ ತನಗೆ ಇಂಥ ಮಾತು ಬರುತ್ತದೆಂದು ಯಾರಿಗಾದರೂ ತೋರಿಸಬೇಕಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಊಟವಾದ ಮೇಲೆ ಮ್ಯಾನೇಜರ್ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿದರು. ಅವರ ಪಕ್ಕದಲ್ಲಿ ಒಬ್ಬ ದಪ್ಪ ಮನುಷ್ಯ ಬಂದು ನಿಂತಿದ್ದ. ಅವರ ಅಳಿಯನಂತೆ. ‘ಸಹಾಯಕ ಮ್ಯಾನೇಜರ್’ ಎಂದು ಪರಿಚಯಿಸಿದರು. ಆಮೇಲೆ ಮುಖ ಸಣ್ಣದು ಮಾಡಿಕೊಂಡು ನನ್ನ ಕಾಗದ ತೆಗೆದರು.

“ಒಂದು ದುಃಖದ ವಿಷಯ. ನಮ್ಮ ಡಾಕ್ಟರ್ ಬರೆದಿದ್ದಾರೆ: ಬಲ ಭುಜದಲ್ಲಿ ಹಳೆಯ ಉಳುಕು. ಮತ್ತೆ ಮತ್ತೆ ಎಸೆದರೆ ನೋವು ಮರುಕಳಿಸುವ ಸಾಧ್ಯತೆ. ನಮ್ಮ ಹುಡುಗಿಯ ಆರೋಗ್ಯಕ್ಕಿಂತ ಪದಕ ದೊಡ್ಡದಲ್ಲ. ಅವಳನ್ನು ಈ ಸಲ ಕಳಿಸುತ್ತಿಲ್ಲ.”

ಅಲ್ಲಿಗೆ ನಿಲ್ಲಿಸಿ ಕಾಗದ ಮಡಚಿದರು. ವಿಮಾನದಲ್ಲಿ ತಂಡಕ್ಕಿದ್ದ ಸೀಟುಗಳು ಲೆಕ್ಕದವು. ಒಬ್ಬರು ಬಿಟ್ಟರೆ ಅಳಿಯನಿಗೆ ಜಾಗ. ಅದು ಅಲ್ಲಿದ್ದ ಎಲ್ಲರಿಗೂ ಆ ಕ್ಷಣವೇ ಅರ್ಥವಾಗಿತ್ತು.

ಅವಳು ಮ್ಯಾನೇಜರ್ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು.

ನಾನು ಎದ್ದೆ. “ಮೂರನೆಯ ಸಾಲು ಓದಿ.”

“ಆಮೇಲೆ ಮಾತಾಡೋಣ ಡಾಕ್ಟರ್,” ಎಂದು ನನ್ನ ಮೊಣಕೈ ಹಿಡಿದು ಅಡುಗೆಮನೆಗೆ ಕರೆದೊಯ್ದರು. ಸಿಂಕಿನಲ್ಲಿ ತಮ್ಮ ಕಪ್ಪನ್ನು ತೊಳೆಯುತ್ತಾ, ದನಿ ಏರಿಸದೆ ಹೇಳಿದರು, “ನೀವು ರಿಜಿಸ್ಟರ್ ಆದವರಲ್ಲ ಎಂದು ನೀವೇ ಹೇಳಿದಿರಿ. ಹತ್ತು ದಿನ ಇಷ್ಟು ಜನಕ್ಕೆ ಚಿಕಿತ್ಸೆ ಮಾಡಿದ್ದೀರಿ. ಬೋರ್ಡಿನವರಿಗೆ ಯಾರಾದರೂ ಹೇಳಿದರೆ ನಿಮ್ಮ ಪರೀಕ್ಷೆಯ ಗತಿ ಏನು? ನಿಮಗೆ ತೊಂದರೆಯಾಗುವುದು ನನಗೆ ಇಷ್ಟವಿಲ್ಲ.” ಕಪ್ಪನ್ನು ಒರೆಸಿ, ಮಗುಚಿ ಇಟ್ಟು ಹೋದರು.

ಇಲ್ಲಿ ನಾನು ಏನು ಮಾಡಿದೆ ಎಂದು ನೇರವಾಗಿ ಬರೆಯುತ್ತೇನೆ. ಕಾರ್ಬನ್ ಪ್ರತಿ ನನ್ನ ಚೀಲದಲ್ಲಿತ್ತು. ಹಾಲ್‌ಗೆ ಹೋಗಿ ಓದಬಹುದಿತ್ತು. ಹತ್ತೊಂಬತ್ತು ಜನ ಅಲ್ಲೇ ಕುಳಿತಿದ್ದರು. ನಾನು ಪರದೆಯ ಹಿಂದೆ ಹೋಗಿ ಟೇಪು, ಎಣ್ಣೆ, ಬ್ಯಾಂಡೇಜುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದೆ. ಬ್ಯಾಂಡೇಜಿನ ಸುರುಳಿಗಳನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿದೆ. ಹೊರಗೆ ಕುರ್ಚಿಗಳು ಸರಿದ ಸದ್ದು ನಿಲ್ಲುವವರೆಗೂ ಸುತ್ತುತ್ತಲೇ ಇದ್ದೆ.

ಮಾರನೆಯ ಬೆಳಿಗ್ಗೆ ಪಾದ್ರಿ ಕೋಚ್ ಹತ್ತಿರ ಹೋದೆ. ಅವರು ಒಳ್ಳೆಯವರು, ಅದು ಇನ್ನೂ ಸಿಟ್ಟು ಬರಿಸುವ ವಿಷಯ. “ನಮ್ಮ ಚರ್ಚಿನ ಮಾಡು ಹಾಕಿಸಿದ್ದು ಆ ಮನುಷ್ಯ. ನಮ್ಮ ಮಕ್ಕಳು ಇಲ್ಲಿಗೆ ಬಂದರೆ ಕೆಲಸ ಕೊಡಿಸುವುದೂ ಅವರೇ. ನಾನೇನು ಹೇಳಲಿ? ದೇವರು ಅವಳಿಗೆ ಇನ್ನೊಂದು ಅವಕಾಶ ಕೊಡುತ್ತಾನೆ,” ಎಂದರು.

“ಈ ಅವಕಾಶ ದೇವರು ಕಿತ್ತುಕೊಂಡದ್ದಲ್ಲ,” ಎಂದೆ.

ಏರ್‌ಪೋರ್ಟಿಗೆ ಅವಳು ಬಂದಳು. ಬಾರದಿದ್ದರೆ ಚೆನ್ನಾಗಿತ್ತೆಂದು ಎಲ್ಲರ ಮುಖದಲ್ಲೂ ಬರೆದಿತ್ತು. ತಂಡದ ಹಸಿರು ಬ್ಲೇಜರ್ ತೊಟ್ಟು, ಚಾದರದಲ್ಲಿ ಸುತ್ತಿದ ಜಾವೆಲಿನ್ ಹಿಡಿದು, ಚೆಕ್‌ಇನ್ ಸಾಲಿನ ಪಕ್ಕದಲ್ಲಿ ಸುಮ್ಮನೆ ನಿಂತಳು. ಸಾಲಿನಲ್ಲಿ ಅಳಿಯ ಹೊಸ ಕ್ಯಾಮೆರಾ ನೇತು ಹಾಕಿಕೊಂಡಿದ್ದ. ಆಗ ನನ್ನೊಳಗೆ ಏನೋ ಹರಿಯಿತು. ಕಾರ್ಬನ್ ಪ್ರತಿ ತೆಗೆದು, ಆ ಜನಜಂಗುಳಿಯಲ್ಲಿ, ಮೂರೂ ಸಾಲುಗಳನ್ನು ದೊಡ್ಡದಾಗಿ ಓದಿದೆ. ನನ್ನ ಇಂಗ್ಲಿಷು ಸಿಟ್ಟಿನಲ್ಲಿ ಪೂರಾ ಉಡುಪಿಯದಾಗಿರಬೇಕು; ಟ್ರಾಲಿ ತಳ್ಳುತ್ತಿದ್ದವರೆಲ್ಲ ತಿರುಗಿ ನೋಡಿದರು.

“ಈಕೆ ನಮ್ಮ ತಂಡದವಳಲ್ಲ,” ಎಂದು ಮ್ಯಾನೇಜರ್ ಕೌಂಟರಿನ ಹುಡುಗಿಗೆ ಹೇಳಿದರು. ಡಾಕ್ಟರ್ ಎಂಬ ಮಾತು ಅಲ್ಲಿಗೆ ಮುಗಿದಿತ್ತು.

ಬಾಕ್ಸರ್ ಬ್ಯಾಗು ಕೆಳಗಿಟ್ಟ. “ಹಾಗಾದರೆ ನಾನೂ ಹೋಗುವುದಿಲ್ಲ.” ಅವಳು ತಮ್ಮ ಭಾಷೆಯಲ್ಲಿ ಅವನಿಗೆ ಏನೋ ಗದರಿದಳು. ಅವನು ಬ್ಯಾಗು ಎತ್ತಿಕೊಂಡ. ಕಣ್ಣು ಒರೆಸಿಕೊಂಡೇ ಸಾಲಿನಲ್ಲಿ ಮುಂದೆ ಹೋದ. ಆಡುವವರ ಹೆಸರುಗಳ ಪಟ್ಟಿ ಹಿಂದಿನ ದಿನವೇ ಕೂಟದವರಿಗೆ ಫ್ಯಾಕ್ಸ್ ಆಗಿತ್ತು. ನಾನು ಓದಬೇಕಾದದ್ದು ಅದಕ್ಕೆ ಮೊದಲು, ಆ ಹಾಲ್‌ನಲ್ಲಿ.

ಹೋಗುವ ಮುಂಚೆ ಅಳಿಯ ಬಂದು ಅವಳ ಹತ್ತಿರ ಬ್ಲೇಜರ್ ಕೇಳಿದ. ತಂಡದ ಸ್ವತ್ತಂತೆ. ಆ ಬ್ಲೇಜರಿನ ತೋಳು ಅವನಿಗೆ ಮೊಣಕೈವರೆಗೂ ಏರುತ್ತಿರಲಿಲ್ಲ. ಅವಳು ಜಾವೆಲಿನ್ ಅನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, “ಬಾ, ತೆಗೆದುಕೋ,” ಎಂದಳು. ಅವನು ಹಿಂದಿರುಗಿ ಹೋದ.

ವಿಮಾನ ಹೋಯಿತು. ನಾವಿಬ್ಬರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದೆವು. ಅವಳು ಕೇಳಿದಳು, “ಆ ಎರಡನೆಯ ಸಾಲು ಯಾಕೆ ಬರೆದೆ?”

ನಿಜ ಹೇಳಿದೆ.

“ನಿನ್ನೆ ಹಾಲ್‌ನಲ್ಲಿ ಯಾಕೆ ಓದಲಿಲ್ಲ?”

“ಹೆದರಿದೆ.”

“ನೀನು ನನ್ನ ಭುಜ ಮುಟ್ಟಿದ್ದನ್ನು ನಾನು ಯಾವ ಬೋರ್ಡಿಗೂ ಹೇಳುತ್ತಿರಲಿಲ್ಲ,” ಎಂದಳು. “ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ.”

ಮೆಲ್ಬರ್ನ್‌ಗೆ ಟ್ರೈನಿನಲ್ಲಿ ಇಡೀ ಹಗಲು ಎದುರುಬದುರು ಕುಳಿತು ಬಂದೆವು. ಒಂದು ಮಾತಿಲ್ಲ. ಸೋಮವಾರ ಮತ್ತೆ ಲಾಂಡ್ರಿ, ಅದೇ ಜೋಡಿ. ಶೀಟಿನ ಎರಡು ಕಡೆ ಹಿಡಿದು, ಒದರಿ, ಅವಳು ಅತ್ತಲಿಂದ, ನಾನು ಇತ್ತಲಿಂದ, ಮೂಲೆಗೆ ಮೂಲೆ ಕೂಡಿಸಿ, ಕೈಗೆ ಕೈ ತಾಗಿಸಿ, ಮತ್ತೆ ಹಿಂದೆ. ದಿನಕ್ಕೆ ನೂರಾರು ಸಲ ಅವಳ ಮುಖ ಒಂದು ಗೇಣು ದೂರಕ್ಕೆ ಬರುತ್ತಿತ್ತು. ಕಣ್ಣು ನನ್ನ ಕಿವಿಯ ಪಕ್ಕದಲ್ಲಿ ಎಲ್ಲೋ. ಜೋಡಿ ಬದಲಿಸಿ ಎಂದು ಸೂಪರ್‌ವೈಸರ್‌ಗೆ ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೂಟ ಮುಗಿದ ಮೇಲೆ ಪಾದ್ರಿ ನಮ್ಮ ಮನೆಗೆ ಫೋನ್ ಮಾಡಿ ಫಲಿತಾಂಶ ಹೇಳಿದರು. ಜಾವೆಲಿನ್‌ನಲ್ಲಿ ಗೆದ್ದವಳ ದೂರವನ್ನೂ ಹೇಳಿದರು. ನನ್ನವರು ತಾವಾಗಿಯೇ ಟೇಪು ತೆಗೆದುಕೊಂಡು ಕಾರು ಹೊರಡಿಸಿದರು. ಓವಲ್‌ನಲ್ಲಿ ಅಳೆದೆವು. ಗೆದ್ದವಳದು ನಮ್ಮ ಗೂಟಕ್ಕಿಂತ ಎರಡು ಹೆಜ್ಜೆ ಹಿಂದೆ. ಅಭ್ಯಾಸದ ಎಸೆತ ಬೇರೆ, ಸ್ಪರ್ಧೆಯ ಎಸೆತ ಬೇರೆ ಎಂದು ನನಗೆ ಗೊತ್ತು. ಆದರೂ ಎರಡು ಹೆಜ್ಜೆ. ನನ್ನವರು ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, “ಆ ದಿನ ಡಾಕ್ಟ್ರ ಮನೆಯಲ್ಲಿ ನಾನು ನಗಬಾರದಿತ್ತು,” ಎಂದರು.

ಮರುದಿನ ಶೀಟು ಮಡಚುವಾಗ ಅವಳಿಗೆ ಹೇಳಿದೆ. “ನನಗೆ ಗೊತ್ತು,” ಎಂದಳು. ವಾರಗಳ ಮೇಲೆ ಅವಳಾಡಿದ ಮೊದಲ ಮಾತು ಅದು. ಮುಂದಿನ ಶೀಟು ಎತ್ತಿಕೊಂಡಳು.

ಆ ವಾರ ಎರಡು ಕಾಗದ ಬರೆದೆ. ಒಂದು ಅವಳ ದೇಶದ ಕ್ರೀಡಾ ಸಮಿತಿಗೆ, ಮೂರು ಸಾಲಿನ ನಕಲು ಲಗತ್ತಿಸಿ. ಇನ್ನೊಂದು ರಿಜಿಸ್ಟ್ರೇಷನ್ ಬೋರ್ಡಿಗೆ: ಹೀಗೆ ಹೀಗೆ, ಅನುಮತಿಯಿಲ್ಲದೆ ಇಷ್ಟು ಜನಕ್ಕೆ ಚಿಕಿತ್ಸೆ ಮಾಡಿದ್ದೇನೆ, ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತಿದ್ದೇನೆ. ನನ್ನವರು ಎರಡನೆಯ ಕಾಗದ ಓದಿ, “ನಿನಗೆ ಮರ್ಲು, ಪೂರಾ ಹುಚ್ಚು,” ಎಂದರು. ಆಮೇಲೆ ಅವರೇ ಪೋಸ್ಟ್ ಮಾಡಿದರು.

ಬೋರ್ಡಿನವರು ಕರೆಸಿದರು. ಕನ್ನಡಕ ಹಾಕಿದ ಹಿರಿಯ ಹೆಂಗಸೊಬ್ಬರು ನನ್ನ ಕಾಗದ ಮುಂದಿಟ್ಟುಕೊಂಡಿದ್ದರು.

“ಹಣ ತೆಗೆದುಕೊಂಡಿರಾ?”

“ಇಲ್ಲ.”

“ಫಿಸಿಯೋ ಎಂದು ಎಲ್ಲಾದರೂ ಸಹಿ ಮಾಡಿದಿರಾ?”

“ಇಲ್ಲ. ಹೆಸರು ಮಾತ್ರ.”

“ಹಾಗಾದರೆ ಇನ್ನು ಮುಂದೆ ಜಾಗ್ರತೆಯಿರಲಿ. ಮನೆಗೆ ಹೋಗಿ ಪರೀಕ್ಷೆಗೆ ಓದಿಕೊಳ್ಳಿ.”

ಐದು ನಿಮಿಷ. ಅಷ್ಟೇ. ಬೀದಿಗೆ ಬಂದು ಟ್ರಾಮ್ ಸ್ಟಾಪಿನಲ್ಲಿ ನಿಂತು ಅತ್ತೆ. ಪಾರಾದ ನೆಮ್ಮದಿಯಿಂದಲ್ಲ. ಆ ಮುದುಕ ತೋರಿಸಿದ ಗುಮ್ಮ ಐದು ನಿಮಿಷದ್ದು. ಅದಕ್ಕೆ ಹೆದರಿ ನಾನು ಒಬ್ಬಳ ನಾಲ್ಕು ವರ್ಷ ಕೊಟ್ಟುಬಿಟ್ಟಿದ್ದೆ. ಸಮಿತಿಯಿಂದಲೂ ಉತ್ತರ ಬಂತು. ‘ನಮ್ಮ ದೇಶದ ಕ್ರೀಡೆಯಲ್ಲಿ ನಿಮಗಿರುವ ಆಸಕ್ತಿಗೆ ಧನ್ಯವಾದ.’ ಮ್ಯಾನೇಜರ್ ಮ್ಯಾನೇಜರಾಗಿಯೇ ಉಳಿದರು.

ನಾನು ಬೋರ್ಡಿಗೆ ಬರೆದದ್ದನ್ನು ಅವಳಿಗೆ ಹೇಳಿದ್ದು ನನ್ನವರು. ನನಗೆ ತಿಳಿಯದಂತೆ ಲಾಂಡ್ರಿಯ ಗೇಟಿನಲ್ಲಿ ಕಾದು ಹೇಳಿದ್ದರಂತೆ. ಮರುದಿನ ಊಟದ ಬಿಡುವಿನಲ್ಲಿ ಅವಳು ಬಂದು ನನ್ನ ಮುಂದೆ ಬೆನ್ನು ತಿರುಗಿಸಿ ಕುಳಿತಳು. “ನೋಯುತ್ತಿದೆ,” ಎಂದಳು. ಕ್ಷಮಿಸಿದ್ದೇನೆ ಎಂದೇನೂ ಹೇಳಲಿಲ್ಲ. ನಾನು ಬೆರಳಿಟ್ಟೆ.

ಮರುವರ್ಷ ಪರೀಕ್ಷೆ ಪಾಸಾದೆ. ಅವಳು ಲಾಂಡ್ರಿ ಬಿಟ್ಟು ಅಣ್ಣನಿದ್ದ ಬ್ರಿಸ್ಬೇನಿಗೆ ಹೋದಳು. ಮುಂದಿನ ಕೂಟಕ್ಕೆ ಸ್ವಂತ ಖರ್ಚಿನಲ್ಲಿ ಹೋಗಿ ಎಸೆದಳು. ಆಗ ಅವಳಿಗೆ ಮೂವತ್ತೆರಡು, ಒಂದು ಮಗುವಾಗಿತ್ತು, ಭುಜ ನಿಜವಾಗಿಯೇ ಸೋತಿತ್ತು. ನಾಲ್ಕನೆಯವಳಾದಳು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಸಿಡ್ನಿ ಪೂರ್ತಿ ಒಲಿಂಪಿಕ್ಸಿನ ಗುಂಗಿನಲ್ಲಿದ್ದಾಗ, ದ್ವೀಪ ದೇಶಗಳ ಕ್ರೀಡೆಗೆ ದುಡಿದ ಸ್ವಯಂಸೇವಕರಿಗೆ ಒಂದು ಮಧ್ಯಾಹ್ನದೂಟ ಏರ್ಪಾಡಾಯಿತು. ಆಗ ನನಗೆ ಗ್ಲೆನ್ ವೇವರ್ಲಿಯಲ್ಲಿ ಸ್ವಂತ ಕ್ಲಿನಿಕ್ ಇತ್ತು. ಆ ಸಮುದಾಯದ ಆಟಗಾರರು ಬರುತ್ತಿದ್ದರು. ನನಗೂ ಆಹ್ವಾನ ಬಂತು. ಹೋದರೆ, ವೇದಿಕೆಯ ಮೇಲೆ ಅದೇ ಮ್ಯಾನೇಜರ್. ಇನ್ನಷ್ಟು ಬಗ್ಗಿದ್ದರು. ದ್ವೀಪದ ಮಕ್ಕಳಿಗೆ ತಂದೆಯಂತಿದ್ದವರು ಎಂದು ಹೊಗಳಿ ಫಲಕ ಕೊಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಊಟದ ಹೊತ್ತಿನಲ್ಲಿ ಅವರ ಟೇಬಲ್ಲಿಗೆ ಹೋಗಿ ನಿಂತೆ. ಸ್ವಲ್ಪ ಹೊತ್ತು ನೋಡಿ ಮುಖ ಅರಳಿಸಿದರು. “ಮೆಲ್ಬರ್ನ್! ನಮ್ಮ ಡಾಕ್ಟರ್! ಆ ಜಾವೆಲಿನ್ ಹುಡುಗಿ ಹೇಗಿದ್ದಾಳೆ? ಪಾಪ, ಭುಜ ಹೋಗಿತ್ತಲ್ಲ ಅವಳದು.”

ಸುಳ್ಳು ಹೇಳುತ್ತಿರಲಿಲ್ಲ. ಅವರು ಅದನ್ನು ನಂಬಿದ್ದರು. ಹೇಳಿ ಹೇಳಿ ನಿಜ ಮಾಡಿಕೊಂಡು, ಅದರ ಮೇಲೆ ಒಂದಿಷ್ಟು ಕನಿಕರವನ್ನೂ ಬೆಳೆಸಿಕೊಂಡಿದ್ದರು.

“ಹೋಗಿರಲಿಲ್ಲ,” ಎಂದೆ. ಪಕ್ಕದ ಟೇಬಲ್ಲಿನವರು ತಿರುಗಿದರು. “ನಾನು ಮೂರು ಸಾಲು ಬರೆದಿದ್ದೆ. ನೀವು ಎರಡು ಓದಿದಿರಿ. ಮೂರನೆಯದು ಹೇಳುತ್ತೇನೆ, ಕೇಳಿ.” ಹೇಳಿದೆ. ಬಾಯಿಪಾಠವಾಗಿತ್ತು. “ಆ ಸೀಟಿನಲ್ಲಿ ನಿಮ್ಮ ಅಳಿಯ ಕ್ಯಾಮೆರಾ ಹಾಕಿಕೊಂಡು ಹೋದ.”

ಅವರ ಫೋರ್ಕು ಗಾಳಿಯಲ್ಲೇ ನಿಂತಿತು. “ಅದೆಲ್ಲ ಬಹಳ ಹಿಂದಿನ ಮಾತು,” ಎಂದರು. ಯಾರೋ ಹೆಂಗಸು ಬಂದು ನಯವಾಗಿ ನನ್ನ ಹೆಗಲ ಮೇಲೆ ಕೈಯಿಟ್ಟಳು. ಆ ಕೈಯನ್ನು ತೆಗೆದಿಟ್ಟು, ನಾನೇ ನಡೆದು ಹೊರಗೆ ಬಂದೆ. ಒಬ್ಬರೂ ಹಿಂದೆ ಬರಲಿಲ್ಲ. ಒಳಗೆ ಚಮಚಗಳ ಸದ್ದು ಮತ್ತೆ ಶುರುವಾಯಿತು.

ಮೆಲ್ಬರ್ನ್‌ಗೆ ಬಂದ ಮೇಲೆ, ಭಾನುವಾರ ಬೆಳಿಗ್ಗೆ ಬ್ರಿಸ್ಬೇನಿಗೆ ಫೋನ್ ಮಾಡಿದೆ. ಅವಳು ಆಗ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಎಸೆತ ಕಲಿಸುತ್ತಿದ್ದಳು. ನಡೆದದ್ದು ಹೇಳಿದೆ. ಜೋರಾಗಿ ನಕ್ಕಳು.

“ಇನ್ನೂ ಅದನ್ನೇ ಹಿಡಿದುಕೊಂಡಿದ್ದೀಯಾ? ನಾನು ಯಾವತ್ತೋ ಬಿಟ್ಟೆ.”

“ಹಾಗಾದರೆ ಸರಿ,” ಎಂದೆ. ನಿರಾಸೆಯಾಯಿತು ಎಂದೇ ಹೇಳಬೇಕು.

ಹಿಂದೆ ಅವಳ ಮಗು ಏನೋ ಕೇಳುತ್ತಿತ್ತು. “ಒಂದು ನಿಮಿಷ ಸುಮ್ಮನಿರು,” ಎಂದು ಮಗುವಿಗೆ ಹೇಳಿ, ಬಾಗಿಲು ಹಾಕಿಕೊಂಡು ಬಂದಳು.

“ನೀನು ಅಳಿಯನ ಹೆಸರೆತ್ತಿದಾಗ ಆ ಮುದುಕನ ಮುಖ ಹೇಗಾಯಿತು?” ಎಂದು ಕೇಳಿದಳು. “ಸರಿಯಾಗಿ ಹೇಳು. ಮೊದಲಿಂದ ಹೇಳು.”

ಹೇಳಿದೆ. ಮುಗಿದ ಮೇಲೆ ಮತ್ತೊಮ್ಮೆ ಹೇಳು ಎಂದಳು. ಮೂರು ಸಲ ಹೇಳಿಸಿಕೊಂಡಳು. ಮೂರನೆಯ ಸಲ ಅವಳು ನಗುತ್ತಿರಲಿಲ್ಲ.